ನೈವೇದ್ಯದ ಪಾತ್ರೆಯೂ ದ್ರವ್ಯಶುದ್ಧಿಯೂ

ಚಾತುರ್ಮಾಸ್ಯ ವ್ರತವೂ ಅದರ ನಡುವೆ ಬರುವ ಶ್ರೀರಾಘವೇಂದ್ರ ಗುರುಸಾರ್ವಭೌಮರ ಆರಾಧನೆಯೂ ಸಮೀಪಿಸಿದಂತೆ, ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ನಮ್ಮ ಮನೆಗಳಲ್ಲಿ ಅಟ್ಟದ ಮೇಲಿನ ಹಿತ್ತಾಳೆಯ ಕೊಪ್ಪರಿಗೆ, ಗುಂಡಿ, ತಪ್ಪಲೆಗಳು ಕೆಳಗಿಳಿಯುವುದು ವಾಡಿಕೆ. ಮಡಿಯ ಅಡಿಗೆಗೆ ಅಲ್ಯುಮಿನಿಯಮ್ ಪಾತ್ರೆಯನ್ನು ಒಪ್ಪದ ಹಿರಿಯರು ಹಿತ್ತಾಳೆಯನ್ನೇ ಬಯಸುವರು. ಆ ಬಯಕೆ ಯುಕ್ತವಾದುದೇ. ಆದರೆ ಪಾತ್ರೆಯ ಒಳಮೈಯಲ್ಲಿ ಕಲಾಯಿ ಉಳಿದಿದೆಯೇ ಎಂದು ಪರೀಕ್ಷಿಸುವವರು ಕಡಿಮೆಯಾಗಿದ್ದಾರೆ. ಕಲಾಯಿ ಹಾಕುವವರು ಬೀದಿಗೆ ಬರುವುದೂ ಅಪರೂಪವಾಗಿದೆ. ಆದಕಾರಣ ಈ ವಿಷಯವನ್ನು ಕುರಿತು ಸ್ವಲ್ಪ ವಿಚಾರ ಮಾಡುವುದು ಅವಶ್ಯಕವೆಂದು ತೋರುತ್ತದೆ.

ಪಾತ್ರೆಯ ಶುದ್ಧಿಯಲ್ಲಿ ಎರಡು ಬಗೆಗಳುಂಟು. ತೊಳೆದು, ಮಡಿಯಲ್ಲಿರಿಸಿ, ಮುಟ್ಟುಚಟ್ಟಿಲ್ಲದಂತೆ ಕಾಪಾಡುವುದು ಆಚಾರದಿಂದ ಬರುವ ಶುದ್ಧಿ. ಪಾತ್ರೆಯ ಲೋಹವು ಅನ್ನದೊಡನೆ ಬೆರೆಯದಂತೆ ನೋಡಿಕೊಳ್ಳುವುದು ದ್ರವ್ಯದ ಶುದ್ಧಿ. ಮೊದಲನೆಯದು ಇದ್ದ ಮಾತ್ರಕ್ಕೆ ಎರಡನೆಯದು ತಾನಾಗಿ ಬರುವುದಿಲ್ಲ. ಬಿಂಬರೂಪಿಯಾದ ಭಗವಂತನಿಗೆ ನಿವೇದಿಸಿ ನೂರಾರು ಜನರಿಗೆ ಬಡಿಸತಕ್ಕ ಅನ್ನದಲ್ಲಿ ಎರಡೂ ಇರಬೇಕು.

ಹುಳಿಯ ಕಾರ್ಯ

ಹಬ್ಬದ ಹಿಂದಿನ ದಿನ ದೇವರ ಪಾತ್ರೆಗಳನ್ನು ಹುಣಸೆಹಣ್ಣಿನಿಂದ ತಿಕ್ಕುವುದನ್ನು ಎಲ್ಲರೂ ಬಲ್ಲರು. ಕಪ್ಪಾದ ಹಿತ್ತಾಳೆ ಕ್ಷಣಮಾತ್ರದಲ್ಲಿ ಹೊಳೆಯುವುದು ಹೇಗೆ? ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲವು ಲೋಹದ ಮೇಲ್ಪದರವನ್ನು ಕರಗಿಸಿ ತೆಗೆಯುವುದರಿಂದ. ತಿಕ್ಕಿದ ಮೇಲೆ ನೀರಿನಲ್ಲಿ ಹರಿದುಹೋಗುವ ಆ ಕೊಳೆಯಲ್ಲಿ ತಾಮ್ರದ ಅಂಶವಿದೆ. ಅದೇ ಹುಣಸೆಯ ರಸವನ್ನು ಅದೇ ಹಿತ್ತಾಳೆಯಲ್ಲಿ ಉಪ್ಪು ಹಾಕಿ ಕುದಿಸಿದಾಗಲೂ ಅದೇ ಕಾರ್ಯ ನಡೆಯುತ್ತದೆ. ಆದರೆ ಈ ಸಲ ಕರಗಿದ ಲೋಹವು ಎಲೆಗೆ ಬರುತ್ತದೆ. ಇದನ್ನೇ ನಮ್ಮವರು 'ಕಿಲುಬು' ಎಂದು ಕರೆದರು.

ಕಿಲುಬಿನ ಪ್ರಮಾಣವನ್ನು ನಿರ್ಧರಿಸುವವು ಮೂರು: ಹುಳಿಯ ಬಲ, ಬಿಸಿ, ಕಾಲ. ಇವುಗಳಲ್ಲಿ ಕಾಲವೇ ಸಮಾರಾಧನೆಗಳಲ್ಲಿ ಹೆಚ್ಚು ತೊಂದರೆ ಕೊಡತಕ್ಕದ್ದು. ಬೆಳಗಿನ ಜಾವದಲ್ಲಿ ಇಳಿಸಿದ ಹುಳಿಯು ಪಂಚಾಮೃತಾಭಿಷೇಕ, ಅಲಂಕಾರ, ನೈವೇದ್ಯ, ಹಸ್ತೋದಕಗಳು ಮುಗಿದು ಪಂಕ್ತಿ ಕೂಡುವವರೆಗೆ ನಾಲ್ಕೈದು ಗಂಟೆಗಳ ಕಾಲ ಬೇಯಿಸಿದ ಪಾತ್ರೆಯಲ್ಲಿಯೇ ನಿಂತಿರುತ್ತದೆ.

ತಾಮ್ರವು ಅಲ್ಪ ಪ್ರಮಾಣದಲ್ಲಿ ದೇಹಕ್ಕೆ ಬೇಕಾದುದೇ. ಕುಡಿಯುವ ನೀರಿನಲ್ಲಿ ಲೀಟರಿಗೆ 2 ಮಿಲಿಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು ಮಿತಿಯನ್ನು ಸೂಚಿಸಿದೆ. ಮಿತಿ ಬಹಳವಾಗಿ ಮೀರಿದರೆ ಉಂಡ ಸ್ವಲ್ಪ ಹೊತ್ತಿನಲ್ಲಿಯೇ ವಾಕರಿಕೆ, ವಾಂತಿ, ಹೊಟ್ಟೆನೋವು, ಭೇದಿಗಳು ಕಾಣಿಸಿಕೊಳ್ಳುತ್ತವೆ. ಮಕ್ಕಳು ಮತ್ತು ವೃದ್ಧರು ಬೇಗ ಬಳಲುವರು.

ಅಂಗಡಿಯ ಪುಡಿಗಳು

ಶಾಕವ್ರತದಲ್ಲಿ ಹುಣಸೆಯನ್ನು ಬಿಟ್ಟು ಒಣಮಾವಿನ ಪುಡಿಯನ್ನು ಬಳಸುವ ರೂಢಿಯಿದೆ. ವ್ರತದ ದೃಷ್ಟಿಯಿಂದ ಇವೆರಡೂ ಬೇರೆಯಾದರೂ ಲೋಹದ ದೃಷ್ಟಿಯಿಂದ ಹುಳಿಯೆಲ್ಲ ಹುಳಿಯೇ. ಈಚೆಗೆ ದೊಡ್ಡ ಅಡಿಗೆಗಳಲ್ಲಿ ಚಿತ್ರಾನ್ನಕ್ಕೆ ನಿಂಬೆಹಣ್ಣಿನ ಬದಲು 'ನಿಂಬೆ ಉಪ್ಪು' ಎಂದು ಮಾರುವ ಸಿಟ್ರಿಕ್ ಆಮ್ಲವನ್ನು ಹಾಕುವುದುಂಟು. ಪೊಟ್ಟಣಗಳ ಮೇಲೆ ಇದರ ಸಂಖ್ಯೆ 330. ಇದು ಅನುಮತಿ ಪಡೆದ ಪದಾರ್ಥ, ಸ್ವತಃ ವಿಷವಲ್ಲ. ಆದರೆ ಒಂದು ಚಮಚೆಯಲ್ಲಿ ಹಲವು ಹಣ್ಣುಗಳ ಹುಳಿ ಅಡಗಿರುವುದರಿಂದ ಕಲಾಯಿ ಇಲ್ಲದ ಪಾತ್ರೆಯಲ್ಲಿ ಅದರ ಕೆಲಸವೂ ತೀವ್ರವಾಗಿರುತ್ತದೆ.

ಕಡಲೆ ಬೇಗ ಬೇಯಲೆಂದು ಹಾಕುವ ಅಡಿಗೆ ಸೋಡಾ (ಸಂಖ್ಯೆ 500) ಹುಳಿಗೆ ವಿರುದ್ಧವಾದ ಕ್ಷಾರ. ಅಲ್ಯುಮಿನಿಯಮ್ಮಿನ ಮೇಲೆ ಸಹಜವಾಗಿರುವ ರಕ್ಷಣೆಯ ತೆಳುಪದರವು ಹುಳಿಗೂ ಕರಗುತ್ತದೆ, ಕ್ಷಾರಕ್ಕೂ ಕರಗುತ್ತದೆ. ಆದ್ದರಿಂದ ಸೋಡಾ ಹಾಕಿದ ಗುಗ್ಗರಿಯನ್ನೂ ಹುಳಿ ಸಾರನ್ನೂ ಅಲ್ಯುಮಿನಿಯಮ್ ಪಾತ್ರೆಯಲ್ಲಿ ಬೇಯಿಸಿ ಇಡುವುದು ಹಿತವಲ್ಲ.

ಹಿರಿಯರ ವಿಧಿ, ಸರ್ಕಾರದ ವಿಧಿ

ಕಂಚಿನಲ್ಲಿ ಎಳನೀರನ್ನೂ, ತಾಮ್ರದಲ್ಲಿ ಜೇನನ್ನೂ, ತುಪ್ಪವೊಂದನ್ನು ಬಿಟ್ಟು ಹಾಲುಮೊಸರುಗಳನ್ನೂ ಇಡುವುದು ಮದ್ಯಕ್ಕೆ ಸಮವೆಂದು ಹಿರಿಯರು ನಿಷೇಧಿಸಿದ್ದಾರೆ. ತುಪ್ಪಕ್ಕೆ ವಿನಾಯಿತಿ ಕೊಟ್ಟ ಸೂಕ್ಷ್ಮವನ್ನು ಗಮನಿಸಬೇಕು. ಶುದ್ಧವಾದ ತುಪ್ಪದಲ್ಲಿ ನೀರಿಲ್ಲ, ಹುಳಿಯೂ ಇಲ್ಲ. ಉಪ್ಪಿನಕಾಯಿಯನ್ನು ಪಿಂಗಾಣಿ ಜಾಡಿಯಲ್ಲಿಯೇ ಇಟ್ಟುದೂ ಇದೇ ಅನುಭವದಿಂದ.

1955ರ ಆಹಾರ ಕಲಬೆರಕೆ ತಡೆ ನಿಯಮಗಳಲ್ಲಿ, ಸರಿಯಾಗಿ ಕಲಾಯಿ ಮಾಡದ ತಾಮ್ರ ಹಿತ್ತಾಳೆಗಳಲ್ಲಿ ತಯಾರಿಸಿದ ಅಥವಾ ಇಟ್ಟ ಆಹಾರವು ಸೇವನೆಗೆ ಅಯೋಗ್ಯವೆಂಬ ವಿಧಿಯಿತ್ತು. ಆಹಾರ ಸುರಕ್ಷತಾ ಪ್ರಾಧಿಕಾರದ 2011ರ ನಿಯಮಗಳಲ್ಲಿಯೂ ಅದೇ ಮಾತು ಮುಂದುವರಿಯಿತು.

ಕಲಾಯಿ: ತವರವೇ, ಸೀಸವೇ?

ಕಾಯಿಸಿದ ಪಾತ್ರೆಗೆ ನವಸಾಗರವನ್ನು ಹಾಕಿ, ತವರವನ್ನು ಕರಗಿಸಿ ಹತ್ತಿಯಿಂದ ಒಳಮೈಗೆಲ್ಲ ಸವರುವುದೇ ಕಲಾಯಿ. ತವರವು ಹುಳಿಗೆ ಬಹುಮಟ್ಟಿಗೆ ತಡೆಯುತ್ತದೆ. ಆದರೆ ಅಗ್ಗಕ್ಕೆಂದು ತವರದೊಡನೆ ಸೀಸವನ್ನು ಬೆರೆಸಿದರೆ ರಕ್ಷಣೆಯೇ ಅಪಾಯವಾಗುತ್ತದೆ. ದೇಹದಲ್ಲಿ ಸೀಸಕ್ಕೆ ನಿರಪಾಯವಾದ ಪ್ರಮಾಣವೆಂಬುದೇ ಇಲ್ಲ. ಮಕ್ಕಳ ಬುದ್ಧಿಯ ಬೆಳವಣಿಗೆಗೆ ಅದು ಕುಂದು ತರುತ್ತದೆ.

1956ರವರೆಗೆ ಕೊಳ್ಳೇಗಾಲವು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ತಮಿಳು ಸೀಮೆಯ ಈಯದ ಚೊಂಬಿನ ಸಾರು ಇಲ್ಲಿಯವರಿಗೆ ಅಪರಿಚಿತವಲ್ಲ. ತಮಿಳಿನಲ್ಲಿ ತವರವು ಬಿಳಿಯ ಈಯ, ಸೀಸವು ಕರಿಯ ಈಯ. ಹೆಸರು ಒಂದೇ ಆದ್ದರಿಂದ ಮೋಸಕ್ಕೆ ಎಡೆಯುಂಟು. ಸೀಸವು ಬಿಳಿಯ ಕಾಗದದ ಮೇಲೆ ಉಜ್ಜಿದರೆ ಬೂದುಬಣ್ಣದ ಗೆರೆ ಬಿಡುತ್ತದೆ. ಶುದ್ಧ ತವರವು ಹಾಗೆ ಬಿಡುವುದಿಲ್ಲ. ಇದು ಸ್ಥೂಲ ಪರೀಕ್ಷೆ ಮಾತ್ರ. ಸಂದೇಹವಿದ್ದ ಪಾತ್ರೆಯನ್ನು ಅಡಿಗೆಯಿಂದ ದೂರವಿಡುವುದೇ ಲೇಸು. ತವರವು 232 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಕರಗುವುದರಿಂದ ಕಲಾಯಿ ಪಾತ್ರೆಯನ್ನು ಬರಿದಾಗಿ ಒಲೆಯ ಮೇಲಿಡಬಾರದು. ಅದರಲ್ಲಿ ಒಗ್ಗರಣೆಯನ್ನೂ ಮಾಡಬಾರದು.

ಆಚರಿಸತಕ್ಕ ಕ್ರಮ

1. ಆರಾಧನೆಗೆ ಒಂದು ತಿಂಗಳು ಮೊದಲೇ ಪಾತ್ರೆಗಳನ್ನು ಬೆಳಕಿನಲ್ಲಿ ನೋಡುವುದು. ಒಳಗೆ ಹಳದಿ ಅಥವಾ ಕೆಂಪು ಕಂಡರೆ ಕಲಾಯಿ ಹೋಗಿದೆ ಎಂದರ್ಥ. ಶುದ್ಧ ತವರವನ್ನು ನಾವೇ ಕೊಂಡು, ಕಣ್ಣೆದುರಿನಲ್ಲಿ ಕಲಾಯಿ ಮಾಡಿಸುವುದು.

2. ಕಲಾಯಿ ದೊರೆಯದಿದ್ದರೆ ಹುಳಿ, ಸಾರು, ಗೊಜ್ಜು, ಮಜ್ಜಿಗೆಹುಳಿಗಳನ್ನು ಸ್ಟೀಲು ಅಥವಾ ಕಲ್ಲಿನ ಪಾತ್ರೆಯಲ್ಲಿ ಮಾಡುವುದು. ಹಿತ್ತಾಳೆಯ ಹಂಡೆಯನ್ನು ನೀರಿಗೆ ಇಟ್ಟುಕೊಳ್ಳುವುದು.

3. ಹುಳಿ ಪದಾರ್ಥವನ್ನು ಇಳಿಸಿದೊಡನೆ, ನೈವೇದ್ಯಕ್ಕೆ ಮೊದಲೇ, ಮಡಿಯ ಸ್ಟೀಲು ಪಾತ್ರೆಗೆ ಬಗ್ಗಿಸುವುದು. ಆಚಾರದ ಸಂದೇಹವಿದ್ದಲ್ಲಿ ತಮ್ಮ ಮಠದ ಹಿರಿಯರನ್ನು ಕೇಳಿಕೊಳ್ಳುವುದು.

4. ತೀರ್ಥದ ನೀರಿಗೆ ತಾಮ್ರ ಬರುತ್ತದೆ. ಪಂಚಾಮೃತಕ್ಕೆ ಬೆಳ್ಳಿ ಅಥವಾ ಸ್ಟೀಲು.

5. ಬಣ್ಣ ಹಸಿರಾಗಿದ್ದರೆ, ರುಚಿಯಲ್ಲಿ ಲೋಹದ ಒಗರಿದ್ದರೆ, ಎಷ್ಟೇ ನಷ್ಟವಾದರೂ ಬಡಿಸಬಾರದು. ಉಂಡವರಿಗೆ ವಾಂತಿ ಮೊದಲಾದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಆಸ್ಪತ್ರೆಗೆ ಕರೆದೊಯ್ಯಬೇಕು.

2018ರ ಡಿಸೆಂಬರ್ 14ರಂದು ಹನೂರು ಭಾಗದ ಸುಳ್ವಾಡಿಯ ಮಾರಮ್ಮನ ದೇವಸ್ಥಾನದಲ್ಲಿ ಪ್ರಸಾದವನ್ನುಂಡವರಲ್ಲಿ 17 ಜನರು ಅಸುನೀಗಿದರು. ಅಲ್ಲಿ ಬೆರೆತದ್ದು ಕೀಟನಾಶಕ, ಪಾತ್ರೆಯ ದೋಷವಲ್ಲ. ಎರಡನ್ನೂ ಒಂದೆಂದು ಹೇಳಲಾಗದು. ಆದರೂ ಆ ದಿನ ನಮ್ಮ ಸೀಮೆಗೆ ಒಂದು ವಿಷಯ ಮನದಟ್ಟಾಯಿತು: ಪ್ರಸಾದವೆಂದು ಕೈಯೊಡ್ಡುವವನು ಪರೀಕ್ಷಿಸಿ ತಿನ್ನುವುದಿಲ್ಲ, ನಂಬಿ ತಿನ್ನುತ್ತಾನೆ. ಪರೀಕ್ಷಿಸುವ ಹೊಣೆಯೆಲ್ಲ ಅಡಿಗೆಯ ಮನೆಯಲ್ಲಿ ನಿಂತವರದು. ಆ ಹೊಣೆಯನ್ನೂ ಪೂಜೆಯ ಅಂಗವೆಂದೇ ತಿಳಿದು ನಡೆಸೋಣ.

॥ ಶ್ರೀಕೃಷ್ಣಾರ್ಪಣಮಸ್ತು ॥