ರಾಹೇಲಳ ಬೇಡಿಕೆಯೂ ಯಾಕೋಬನ ಕೋಪವೂ

ಪಾಠಭಾಗ: ಆದಿಕಾಂಡ 29:15–30:8, 25:20–26

ಯಾಕೋಬನು ರಾಹೇಲಳಿಗೋಸ್ಕರ ಲಾಬಾನನ ಬಳಿಯಲ್ಲಿ 7 ವರುಷ ಸೇವೆಮಾಡಿದನು. ಪ್ರೀತಿಯ ದೆಸೆಯಿಂದ ಆ ಕಾಲವು ಅವನಿಗೆ ಭಾರವೆನಿಸಲಿಲ್ಲ. ಮಾವನಿಂದ ಮೋಸಹೋದ ಮೇಲೆಯೂ ಇನ್ನು 7 ವರುಷ ದುಡಿಯಲು ಒಪ್ಪಿಕೊಂಡನು. ಇಂಥವನು ಮದುವೆಯಾದ ಮೇಲೆ ಅದೇ ರಾಹೇಲಳ ಒಂದು ಮಾತನ್ನು ತಾಳಲಾರದೆ ಸಿಟ್ಟಿಗೆದ್ದನು.

ಆಕೆ ಕೇಳಿದ್ದು ಮಕ್ಕಳನ್ನು, ಕೊಡದಿದ್ದರೆ ಸಾಯುವೆನೆಂದಳು. ಗಂಡನ ಕೈಯಲ್ಲಿಲ್ಲದ್ದನ್ನು ಕೇಳಿದಳು, ನಿಜ. ಅದನ್ನು ತಡೆದವನು ದೇವರೇ ಹೊರತು ತಾನಲ್ಲವೆಂದು ಯಾಕೋಬನು ಉತ್ತರಕೊಟ್ಟನು. ಉಪದೇಶದಲ್ಲಿ ತಪ್ಪಿಲ್ಲ. ಆದರೆ ಅಕ್ಕನಾದ ಲೇಯಳು ಅಷ್ಟರೊಳಗೆ 4 ಗಂಡುಮಕ್ಕಳನ್ನು ಹೆತ್ತಿದ್ದಳು; ಆ ಕೂಸುಗಳ ನಡುವೆಯೇ ಈಕೆ ದಿನಗಳೆಯಬೇಕಾಗಿತ್ತು. ಇಸಾಕನನ್ನು ನೋಡಿರಿ. ಅವನು 40 ವರುಷದವನಾಗಿ ಮದುವೆಯಾಗಿ 60 ವರುಷದವನಾದಾಗ ಮಕ್ಕಳ ಮುಖ ಕಂಡನು; ಬಂಜೆಯಾದ ರೆಬೆಕ್ಕಳಿಗೋಸ್ಕರ ಅವನು ಯೆಹೋವನನ್ನು ಬೇಡಿಕೊಂಡನೆಂದು ಬರೆದಿದೆ. ಆ ಪ್ರಾರ್ಥನೆಯಿಂದ ಹುಟ್ಟಿದ ಯಾಕೋಬನು ರಾಹೇಲಳಿಗೋಸ್ಕರ ಬೇಡಿದನೆಂದು ಎಲ್ಲಿಯೂ ಬರೆದಿಲ್ಲ. ಇದನ್ನು ನಾನು ಬಹುವರುಷ ಗಮನಿಸದೆಯೇ ಈ ಪಾಠವನ್ನು ಹೇಳುತ್ತಾ ಬಂದೆನು.

ನಮ್ಮ ಸಗರ ನಾಡಿನಲ್ಲಿ ತೊಗರಿಯ ರಾಶಿಯಾದ ಮೇಲೆ ಅನೇಕರು ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೆ ಹೋಗುತ್ತಾರೆ. ಹಾಗೆ ಹೋಗಿಬಂದ ಒಬ್ಬ ಸಹೋದರನು ಆರಾಧನೆ ಮುಗಿದ ಮೇಲೆ ನನ್ನ ಬಳಿಗೆ ಬಂದು, “ಉಪದೇಶಿಗಳೇ, ಎಷ್ಟು ತಂದುಕೊಟ್ಟರೂ ಆಕೆಗೆ ಸಾಲದು. ಮನೆಯೊಳಗೆ ಕಾಲಿಡುವುದಕ್ಕೇ ಬೇಸರವಾಗಿದೆ” ಎಂದನು. ನಾನು ಆಕೆಯನ್ನು ಕರೆಸಿ, ಎಫೆಸದವರಿಗೆ ಬರೆದ ಪತ್ರಿಕೆಯ 5ನೆಯ ಅಧ್ಯಾಯ ತೆರೆದು, ಹೆಂಡತಿಯು ಅಧೀನಳಾಗಿರಬೇಕೆಂಬ ವಚನವನ್ನು ಓದಿ ಗದರಿಸಿದೆನು. ಗಂಡಂದಿರಿಗೆ ಹೇಳಿದ 25ನೆಯ ವಚನದ ತನಕ ಓದಲಿಲ್ಲ. ಆಕೆ ತಲೆತಗ್ಗಿಸಿಕೊಂಡು ಹೊರಟುಹೋದಳು.

ಸಂಗತಿಯು ನನಗೆ ತಿಳಿದದ್ದು ನನ್ನ ಹೆಂಡತಿಯ ಬಾಯಿಂದ. ಗಂಡನು ಊರಲ್ಲಿಲ್ಲದಾಗ ಅತ್ತೆಯ ಔಷಧಕ್ಕೆಂದು ಆಕೆ ಬಡ್ಡಿಗೆ ಹಣ ತಂದಿದ್ದಳು. ಸಾಲಕೊಟ್ಟವನು ವಾರವಾರವೂ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದನು. ಗಂಡನಿಗೆ ಹೇಳಲು ಅಂಜಿ, ಹಣ ಹಣವೆಂದು ಮಾತ್ರ ಪೀಡಿಸುತ್ತಿದ್ದಳು. ಹೇಳದೆ ಇದ್ದದ್ದು ಆಕೆಯ ತಪ್ಪು. ಕೇಳದೆ ಇದ್ದದ್ದು ನಮ್ಮಿಬ್ಬರದು.

ಬೇಡುವವರೆಲ್ಲರೂ ಹೀಗೆಯೇ ಎಂದು ನಾನು ಹೇಳುವುದಿಲ್ಲ. ಆಸೆಗೆ ಮಿತಿಯಿಲ್ಲದ ಹೆಂಡತಿಯರಿದ್ದಾರೆ. ವರದಕ್ಷಿಣೆಯ ಬಾಕಿಯನ್ನು ಇನ್ನೂ ಕೇಳುತ್ತಿರುವ ಗಂಡಂದಿರೂ ನಮ್ಮ ಸಭೆಗಳಲ್ಲಿ ಇದ್ದಾರೆ, ನಾಚಿಕೆ! ಆದರೆ ಆ ಮನೆಯ ವಿಷಯ ಬೇರೆ. ಮಾರನೆಯ ಭಾನುವಾರ ನಾನು ಅಲ್ಲಿಗೆ ಹೋಗಿ, ಗಂಡನ ಎದುರಿನಲ್ಲಿಯೇ ಆಕೆಯ ಕ್ಷಮೆ ಬೇಡಿದೆನು. ಅವನು ಎದ್ದು, ಉಳಿದ ಕೂಲಿಯ ಹಣವನ್ನು ತಂದು ಆಕೆಯ ಮುಂದೆ ಎಣಿಸಿದನು. ಸಾಲಕ್ಕೆ ಸಾಲಲಿಲ್ಲ. ಮೂವರೂ ಕೂಡಿ ಪ್ರಾರ್ಥಿಸಿದೆವು.

ಈ ತಿಂಗಳ ಕುಟುಂಬಾರಾಧನೆಯಲ್ಲಿ 30ನೆಯ ಅಧ್ಯಾಯದ ಮೊದಲ ಎರಡು ವಚನಗಳನ್ನು ಗಂಡಹೆಂಡರು ಕೂಡಿ ಓದಿರಿ. ರಾಹೇಲಳ ಮಾತನ್ನು ಗಂಡನೂ ಯಾಕೋಬನ ಮಾತನ್ನು ಹೆಂಡತಿಯೂ ಓದಲಿ.