ಗ್ರಾಮಸಭೆಯೂ ಶರಣರ ಕಾಯಕವೂ

ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಅನುಭವ ಮಂಟಪದೊಳಗೆ ಕೂಡುತ್ತಿದ್ದವರು ಯಾರೆಂಬುದನ್ನು ವಚನಧರ್ಮದ ಅಭ್ಯಾಸಿಗಳಿಗೆ ವಿವರಿಸಿ ಹೇಳಬೇಕಾದುದಿಲ್ಲ. ಬಟ್ಟೆ ಮಡಿಮಾಡುವ ಮಾಚಯ್ಯ, ದೋಣಿ ನಡೆಸುವ ಚೌಡಯ್ಯ, ಹಗ್ಗ ಹೊಸೆಯುವ ಚಂದಯ್ಯ, ಕಸ ಗುಡಿಸುವ ಸತ್ಯಕ್ಕ ಮುಂತಾದವರು ಮಂತ್ರಿಯಾದ ಬಸವಣ್ಣನವರ ಸರಿಸಮಾನವಾಗಿ ಕುಳಿತು ಪ್ರಶ್ನೆ ಕೇಳುತ್ತಿದ್ದರು, ಉತ್ತರ ಕೊಡುತ್ತಿದ್ದರು. ಆ ಕಲ್ಯಾಣದ ಹೆಸರನ್ನು 2019ರಲ್ಲಿ ಹೈದರಾಬಾದ್ ಕರ್ನಾಟಕಕ್ಕೆ ಇಡಲಾಯಿತು. ಆಳಂದ, ಅಫಜಲಪುರ, ಜೇವರ್ಗಿ ಸೀಮೆಗಳ ಜನರು ಅಂದಿನಿಂದ ಕಲ್ಯಾಣ ಕರ್ನಾಟಕದವರೆನಿಸಿಕೊಂಡರು. ಹೆಸರು ಸರಕಾರದ ಆಜ್ಞೆಯಿಂದ ಬರಬಹುದು. ಮಂಟಪದ ನಡೆಯಾದರೋ ಊರವರು ಒಂದೆಡೆ ಕುಳಿತು ನಿರ್ಭಯವಾಗಿ ಕೇಳುವ ಅಭ್ಯಾಸದಿಂದ ಬರತಕ್ಕದ್ದು.

ಆ ಅಭ್ಯಾಸವು ಈ ಸೀಮೆಯಲ್ಲಿ ಬಹಳ ಕಾಲ ನಿಂತುಹೋಗಿತ್ತು. 1948ರ ಸೆಪ್ಟೆಂಬರ್ 17ರವರೆಗೆ ಇಲ್ಲಿ ನಡೆದುದು ನಿಜಾಮರ ಆಳ್ವಿಕೆ. ಊರಿನ ವ್ಯವಹಾರವೆಲ್ಲವೂ ಮಾಲಿಪಾಟೀಲ, ಪೊಲೀಸ್ ಪಾಟೀಲ, ಕುಲಕರ್ಣಿಗಳ ಕೈಯಲ್ಲಿತ್ತು. ಬಡರೈತನು ಚಾವಡಿಗೆ ಹೋಗುತ್ತಿದ್ದುದು ಕರೆ ಬಂದಾಗ ಮಾತ್ರ, ಅದೂ ಕೈಕಟ್ಟಿ ನಿಲ್ಲುವುದಕ್ಕೆ. 1956ರ ನವೆಂಬರ್ 1ರಂದು ಈ ಭಾಗವು ಮೈಸೂರು ರಾಜ್ಯವನ್ನು ಸೇರಿತು. ಸಂವಿಧಾನದ 73ನೆಯ ತಿದ್ದುಪಡಿಯು 1993ರ ಏಪ್ರಿಲ್ 24ರಂದು ಜಾರಿಗೆ ಬಂದು ಗ್ರಾಮಸಭೆಗೆ ಸಂವಿಧಾನದಲ್ಲಿಯೇ ಸ್ಥಾನವನ್ನು ಕಲ್ಪಿಸಿತು; ಅದೇ ವರ್ಷ ರಾಜ್ಯದ ಪಂಚಾಯತ್ ರಾಜ್ ಅಧಿನಿಯಮವೂ ಆಯಿತು. ಕಾನೂನು ಬದಲಾಯಿತು, ಆದರೆ ಚಾವಡಿಯ ಮುಂದೆ ಕೈಕಟ್ಟಿ ನಿಲ್ಲುವ ರೂಢಿ ಇನ್ನೂ ಪೂರ್ತಿಯಾಗಿ ಬಿಟ್ಟಿಲ್ಲ. ಬೀದಿಯ ಬೋರ್‌ವೆಲ್ ಕೆಟ್ಟರೆ ಪಂಚಾಯಿತಿಗೆ ಹೋಗಿ ಕೃಪೆಯನ್ನು ಬೇಡುವವರೇ ಬಹುಮಂದಿ, ಹಕ್ಕಿನಿಂದ ಕೇಳುವವರು ವಿರಳ.

ಹಕ್ಕು ಎಲ್ಲಿಂದ ಹುಟ್ಟುವುದೆಂಬುದನ್ನು ಮೊದಲು ತಿಳಿಯತಕ್ಕದ್ದು. ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬ ಸ್ತ್ರೀಪುರುಷರೂ ಗ್ರಾಮಸಭೆಯ ಸದಸ್ಯರು. ಇದಕ್ಕೆ ಯಾರ ನೇಮಕವೂ ಬೇಕಿಲ್ಲ, ಯಾರ ಶಿಫಾರಸೂ ಬೇಕಿಲ್ಲ. ಆದುದರಿಂದ ಪಟ್ಟಿಯಲ್ಲಿನ ಒಂದು ಸಾಲು ಐದು ವರ್ಷಕ್ಕೊಮ್ಮೆ ಮತ ಹಾಕುವುದಕ್ಕೆ ಮಾತ್ರ ಇರುವುದೆಂದು ತಿಳಿದರೆ ಅದು ಅಲ್ಪದೃಷ್ಟಿಯೇ ಸರಿ. ಈ ಸಾಲಿನ ಬೆಲೆ ಏನೆಂಬುದನ್ನು ಆಳಂದದ ಪ್ರಸಂಗವು ದೇಶಕ್ಕೇ ತೋರಿಸಿತು. 2023ರ ವಿಧಾನಸಭಾ ಚುನಾವಣೆಗೆ ಮುಂಚೆ ಆ ಕ್ಷೇತ್ರದ ಪಟ್ಟಿಯಿಂದ ಹೆಸರುಗಳನ್ನು ತೆಗೆಯಬೇಕೆಂದು ಆನ್‌ಲೈನ್ ಮೂಲಕ 6,018 ಅರ್ಜಿಗಳು ಬಂದಿದ್ದವು. ಸಂಶಯದಿಂದ ಒಂದೊಂದನ್ನೂ ಸ್ಥಳದಲ್ಲಿ ಪರಿಶೀಲಿಸಲಾಗಿ, ಸರಿಯಾದವು 24 ಮಾತ್ರವೆಂದೂ ಉಳಿದ 5,994 ಸರಿಯಲ್ಲವೆಂದೂ ತಿಳಿದು, ಅವು ತಿರಸ್ಕೃತವಾದುವು. 2023ರ ಫೆಬ್ರವರಿ 21ರಂದು ಆಳಂದದ ಪೊಲೀಸ್ ಠಾಣೆಯಲ್ಲಿ ಮೊಕದ್ದಮೆಯೂ ದಾಖಲಾಯಿತು. ಇದರ ರಾಜಕೀಯವು ಇಲ್ಲಿ ಅಪ್ರಸ್ತುತ. ಗಮನಿಸಬೇಕಾದುದಿಷ್ಟೆ: ದೂರದಿಂದ ಬಂದ ಅರ್ಜಿಯ ನಿಜಾನಿಜವು ಕೊನೆಗೆ ತಿಳಿದುದು ಊರಿನ ಓಣಿಯಲ್ಲಿ, ಮನೆಯ ಬಾಗಿಲಲ್ಲಿ. ಕರಡು ಪಟ್ಟಿಯನ್ನು ಪ್ರಕಟಿಸಿದಾಗ ತನ್ನ ಹೆಸರನ್ನೂ, ಓದು ಬಾರದ ನೆರೆಯವರ ಹೆಸರನ್ನೂ ನೋಡಿ ಬರುವುದು ಒಂದು ಗಳಿಗೆಯ ಕೆಲಸ.

ಪಟ್ಟಿಯಿಂದ ಮುಂದಿನ ಮೆಟ್ಟಿಲು ವಾರ್ಡ್ ಸಭೆ. ಇದೂ ಗ್ರಾಮಸಭೆಯೂ ಆರು ತಿಂಗಳಿಗೊಮ್ಮೆಯಾದರೂ ಸೇರತಕ್ಕವು. ವಾರ್ಡ್ ಸಭೆ ಮೊದಲು, ಗ್ರಾಮಸಭೆ ಆಮೇಲೆ. ವಾರ್ಡ್ ಸಭೆಗೆ ಹತ್ತರಲ್ಲೊಂದು ಪಾಲು ಮತದಾರರು ಅಥವಾ 20 ಮಂದಿ, ಇವೆರಡರಲ್ಲಿ ಕಡಿಮೆಯಾದುದು ಸಾಕು. ಬಂದವರಲ್ಲಿ ನೂರಕ್ಕೆ ಮೂವತ್ತರಷ್ಟಾದರೂ ಸ್ತ್ರೀಯರಿರಬೇಕು. ಯಾವ ಓಣಿಗೆ ಚರಂಡಿ, ಯಾವ ಕೇರಿಗೆ ನೀರಿನ ಕೊಳವೆ, ಯಾರಿಗೆ ಮನೆ ಎಂಬ ಬೇಡಿಕೆಗಳು ಹುಟ್ಟಬೇಕಾದ ಸ್ಥಳ ಇದೇ. ಇಲ್ಲಿ ಹೇಳದ ಮಾತನ್ನು ತಾಲ್ಲೂಕು ಕಚೇರಿಯ ಮೆಟ್ಟಿಲ ಮೇಲೆ ಹೇಳಿದರೆ ಫಲ ಸ್ವಲ್ಪವೇ. ಆದರೆ ತೊಗರಿಯ ರಾಶಿಯ ಕಾಲದಲ್ಲಿ ಸಭೆ ಕರೆದರೆ ಬರುವವರಾರು? ಬೇಸಗೆಯಲ್ಲಿ ಕರೆದರೆ ಕೂಲಿಗಾಗಿ ಪುಣೆ, ಮುಂಬಯಿ, ಬೆಂಗಳೂರಿಗೆ ಹೋದವರು ಊರಲ್ಲಿರುವುದಿಲ್ಲ. ಪುಸ್ತಕವನ್ನು ಮನೆಮನೆಗೆ ಒಯ್ದು ಸಹಿ ಪಡೆದು ಸಭೆ ನಡೆಯಿತೆಂದು ಬರೆಯುವ ಪದ್ಧತಿಯ ಮಾತೂ ಅಲ್ಲಲ್ಲಿ ಕೇಳಿಬರುವುದುಂಟು. ಅಂಥ ಸಹಿಯನ್ನು ಹಾಕಿದವನು ತನ್ನ ನಾಲಗೆಯನ್ನು ತಾನೇ ಒಪ್ಪಿಸಿದಂತಾಯಿತು. ಸಭೆಯಲ್ಲಿ ಕುಳಿತಲ್ಲದೆ ಸಹಿ ಹಾಕುವುದಿಲ್ಲವೆಂದು ಒಂದು ವಾರ್ಡಿನ ಇಪ್ಪತ್ತು ಮನೆಗಳವರು ನಿಶ್ಚಯಿಸಿದರೆ ಸಭೆಯನ್ನು ನಿಜವಾಗಿ ಕರೆಯದೆ ಗತ್ಯಂತರವಿಲ್ಲ. ಅಲ್ಲಿ ಬೇಡಿಕೆಯನ್ನು ಬಾಯಲ್ಲಿ ಹೇಳಿ ಬರುವುದಕ್ಕಿಂತ ನಡಾವಳಿಯಲ್ಲಿ ಬರೆಯಿಸಿ, ಬರೆದುದನ್ನು ಸಭೆಯೆದುರು ಓದಿಸಿ ಏಳುವುದು ಲೇಸು.

ಇನ್ನು ಲೆಕ್ಕದ ಮಾತು. ಬಸವಣ್ಣನವರು ಭಂಡಾರದ ಹಣವನ್ನು ಜಂಗಮರಿಗೆ ಸುರಿದರೆಂದು ಹಗೆಗಳು ಬಿಜ್ಜಳನಲ್ಲಿ ಚಾಡಿ ಹೇಳಿದುದೂ, ಭಂಡಾರವನ್ನು ತೆರೆದು ಎಣಿಸಲಾಗಿ ಹಣವೆಲ್ಲವೂ ಸರಿಯಾಗಿದ್ದುದೂ ಪುರಾಣಪ್ರಸಿದ್ಧ. ಪವಾಡವೆಂದು ಈ ಕಥೆಯನ್ನು ಹೇಳುವವರು ಅದರ ಇನ್ನೊಂದು ಮುಖವನ್ನು ಮರೆಯುತ್ತಾರೆ: ಲೆಕ್ಕ ತೋರಿಸೆಂದಾಗ ಬಸವಣ್ಣನವರು ಕೋಪಿಸಿಕೊಳ್ಳಲಿಲ್ಲ, ಬೀಗ ತೆಗೆದರು. ಪಂಚಾಯಿತಿಗಳಲ್ಲಿ ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ನಡೆಯಬೇಕಾದ ಜಮಾಬಂದಿಯು ಇಂಥ ಬೀಗ ತೆಗೆಯುವ ದಿನ. ಈ ಶಬ್ದದ ಚರಿತ್ರೆಯೂ ವಿನೋದಕರವಾಗಿದೆ. ಹಿಂದೆ ಜಮಾಬಂದಿಯೆಂದರೆ ಸರಕಾರದ ಅಧಿಕಾರಿಯು ಊರಿನ ಕಂದಾಯದ ಲೆಕ್ಕವನ್ನು ನೋಡುವುದು, ರೈತನು ನಡುಗುವುದು. ಇಂದು ಪಂಚಾಯಿತಿಯು ಹಿಂದಿನ ವರ್ಷ ಮಾಡಿದ ಖರ್ಚನ್ನೂ ಕಾಮಗಾರಿಗಳನ್ನೂ ಊರವರ ಸಮಕ್ಷಮದಲ್ಲಿ ಪರಿಶೀಲಿಸುವುದು. ಪುಸ್ತಕದಲ್ಲಿ ಹಾಕಿದ ರಸ್ತೆಯು ನೆಲದ ಮೇಲೂ ಇದೆಯೇ ಎಂದು ಆ ದಿನ ನಡೆದು ನೋಡಬಹುದು. ಅದನ್ನು ತಪ್ಪಿಸಿಕೊಂಡವರಿಗೂ, ಪುರಸಭೆಯ ವ್ಯಾಪ್ತಿಯಲ್ಲಿರುವ ಪಟ್ಟಣವಾಸಿಗಳಿಗೂ 2005ರ ಮಾಹಿತಿ ಹಕ್ಕಿನ ಅಧಿನಿಯಮವಿದೆ. ಹತ್ತು ರೂಪಾಯಿಯ ಅರ್ಜಿಗೆ 30 ದಿನಗಳೊಳಗೆ ಉತ್ತರ ಬರತಕ್ಕದ್ದು.

ಕೇಳುವವನ ಕೈ ಶುದ್ಧವಾಗಿಲ್ಲದಿದ್ದರೆ ಈ ಸಾಧನಗಳೆಲ್ಲವೂ ಮೊಂಡಾಗುವುವು. ಇಲ್ಲಿ ಆಯ್ದಕ್ಕಿ ಲಕ್ಕಮ್ಮನ ನೆನಪು ಸಹಜವಾಗಿ ಬರುತ್ತದೆ. ಗಂಡನು ನಿತ್ಯದ ಅಳತೆಗಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದಾಗ ಆಕೆ ಸಂತೋಷಪಡಲಿಲ್ಲ. ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರಹೇಳಿದಳು. ಅದು ಮನೆಯೊಳಗಿನ ಜಮಾಬಂದಿ. ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ ಹುಟ್ಟಿ ಕಲಬುರಗಿಯಲ್ಲಿ ನೆಲೆಸಿದ ಶರಣಬಸವೇಶ್ವರರೂ ದಾಸೋಹವನ್ನು ನಡೆಸಿದುದು ತಮಗೆಂದು ಕೂಡಿಡದೆ. 2020ರ ಅಕ್ಟೋಬರಿನಲ್ಲಿ ಭೀಮಾ ನದಿಯು ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ದಂಡೆಯ ಊರುಗಳು ನೀರಿನಲ್ಲಿ ನಿಂತುವು. ಇಂಥ ವಿಪತ್ತಿನ ಬೆನ್ನಿಗೇ ಪರಿಹಾರದ ಪಟ್ಟಿ ಸಿದ್ಧವಾಗುತ್ತದೆ. ಯಾರ ಗೋಡೆ ಬಿದ್ದಿತು, ಯಾರದು ಬೀಳಲಿಲ್ಲ ಎಂಬುದನ್ನು ಮೇಲಿನ ಅಧಿಕಾರಿಗಿಂತ ನೆರೆಮನೆಯವನು ಚೆನ್ನಾಗಿ ಬಲ್ಲನು. ಆದರೂ ದಾಕ್ಷಿಣ್ಯಕ್ಕೋ ಭಯಕ್ಕೋ ಸುಮ್ಮನಿರುವನು. ಮನೆಗಳನ್ನು ಹಂಚುವಾಗಲೂ ಇದೇ ಮೌನ. ಪಟ್ಟಿಯನ್ನು ಸಭೆಯಲ್ಲಿ ಗಟ್ಟಿಯಾಗಿ ಓದಬೇಕೆಂದು ಕೇಳುವುದಕ್ಕೆ ಯಾರ ಮೇಲೂ ದೂರು ಹೇಳಬೇಕಾಗಿಲ್ಲ, ಯಾರ ಹೆಸರನ್ನೂ ಎತ್ತಬೇಕಾಗಿಲ್ಲ. ಒಂದೊಂದು ಹೆಸರು ಹೊರಬೀಳುತ್ತಿದ್ದಂತೆ ಊರಿಗೆ ಊರೇ ಕೇಳಿಸಿಕೊಳ್ಳುತ್ತದೆ. ಎರಡಂತಸ್ತಿನ ಮನೆಯುಳ್ಳವನು ತನ್ನ ಹೆಸರನ್ನು ಬಿಡಿರೆಂದು ತಾನೇ ಎದ್ದು ಹೇಳುವುದಕ್ಕೆ ಆಗಲಾದರೂ ಅವಕಾಶ ದೊರೆಯುತ್ತದೆ.