ಔಷಧಿ ಕೂರೋದು ಕೋಟಿಂಗ್ ಮೇಲೆ

ಬಿದ್ರಿ ಪಾತ್ರೆ ಬೀದರ್‌ನಲ್ಲಿ ಓದುವ ನಮಗೆ ಹೊಸದಲ್ಲ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿದ ಬೂದು ಲೋಹ, ಅದರಲ್ಲಿ ಕೂರಿಸಿದ ಬೆಳ್ಳಿ. ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರ ಹಾಕಿದ ಬಿಸಿ ದ್ರಾವಣದಲ್ಲಿ ಅದ್ದಿದ್ರೆ ಲೋಹ ಕಪ್ಪಾಗ್ತದೆ, ಬೆಳ್ಳಿ ಹಾಗೇ ಹೊಳೀತದೆ. ಕಪ್ಪಾಗೋದು ಮೇಲಿನ ತೆಳು ಪದರ ಮಾತ್ರ. ಔಷಧಿ ಹೊರುವ ನ್ಯಾನೋ ಕಣದಲ್ಲೂ ಅಷ್ಟೇ, ಕೆಲಸ ನಡೆಯೋದು ಮೇಲ್ಮೈಯಲ್ಲಿ.

ಐರನ್ ಆಕ್ಸೈಡ್ ತಗೊಳ್ಳೋಣ. ನಮ್ಮ ಜಂಬಿಟ್ಟಿಗೆ ಕೆಂಪು ಬಣ್ಣ ಕೊಟ್ಟಿರೋದೂ ಕಬ್ಬಿಣದ ಆಕ್ಸೈಡೇ. ನಮಗೆ ಬೇಕಾದದ್ದು ಅದರ ಕಪ್ಪು ರೂಪ, ಅಂದ್ರೆ ಆಯಸ್ಕಾಂತಕ್ಕೆ ಎಳೆಯುವ ಮ್ಯಾಗ್ನೆಟೈಟ್. ಫೆರಸ್ ಮತ್ತು ಫೆರಿಕ್ ಲವಣಗಳನ್ನು 1:2 ಮೋಲ್ ಅನುಪಾತದಲ್ಲಿ ಕರಗಿಸಿ, ನೈಟ್ರೋಜನ್ ಹಾಯಿಸುತ್ತಾ ಅಮೋನಿಯಾ ಹಾಕಿದ್ರೆ ಕಪ್ಪು ಕಣಗಳು ಸಿಗ್ತವೆ.

ಕಣದ ವ್ಯಾಸ 10 ನ್ಯಾನೋಮೀಟರ್ ಅಂದ್ಕೊಳ್ಳಿ. ಸಾಂದ್ರತೆ ಘನ ಸೆಂಟಿಮೀಟರ್‌ಗೆ 5.2 ಗ್ರಾಂ. 6 ಅನ್ನು ಸಾಂದ್ರತೆ ಮತ್ತು ವ್ಯಾಸದ ಗುಣಲಬ್ಧದಿಂದ ಭಾಗಿಸಿದ್ರೆ, ಒಂದು ಗ್ರಾಂ ಪುಡಿಗೆ ಸುಮಾರು 115 ಚದರ ಮೀಟರ್ ಮೇಲ್ಮೈ. ಅಂದ್ರೆ ಒಂದು 30×40 ಸೈಟಿನಷ್ಟು! ಇಷ್ಟು ಜಾಗ ಇರೋದ್ರಿಂದಲೇ ಔಷಧಿ ಕೂರಿಸಬಹುದು. ಆದ್ರೆ ಇಷ್ಟು ಮೇಲ್ಮೈ ಇರೋದ್ರಿಂದಲೇ ಬರಿಗಣಗಳು ಒಂದಕ್ಕೊಂದು ಅಂಟಿ ಉಂಡೆ ಕಟ್ಟುತ್ತವೆ. ಅದಕ್ಕೇ ಡೆಕ್ಸ್‌ಟ್ರಾನ್, ಸಿಲಿಕಾ, ಸಿಟ್ರೇಟ್ ಅಥವಾ ಪಾಲಿಅಕ್ರಿಲಿಕ್ ಆ್ಯಸಿಡ್ ಕೋಟಿಂಗ್ ಬೇಕು.

ಔಷಧಿ ಹೇಗೆ ಹಿಡಿಯುತ್ತೆ? ಭಾಲ್ಕಿ, ಔರಾದ್ ಕಡೆಯ ಕಪ್ಪು ಮಣ್ಣು ನೆನಪಿಸಿಕೊಳ್ಳಿ. ಅದರ ಜೇಡಿ ಕಣಗಳ ಮೇಲೆ ನೆಗೆಟಿವ್ ಚಾರ್ಜ್ ಇರ್ತದೆ. ಹಾಗಾಗಿ ಕ್ಯಾಲ್ಸಿಯಂ, ಪೊಟ್ಯಾಶಿಯಂ ಅಯಾನುಗಳನ್ನು ಹಿಡಿದಿಟ್ಟು ಬೇರಿಗೆ ಕೊಡ್ತದೆ. ಪಾಲಿಅಕ್ರಿಲಿಕ್ ಆ್ಯಸಿಡ್ ಕೋಟಿಂಗ್ ಕೂಡ ರಕ್ತದ ಪಿಎಚ್ 7.4ರಲ್ಲಿ ನೆಗೆಟಿವ್; ಕ್ಯಾನ್ಸರ್ ಔಷಧಿ ಡಾಕ್ಸೊರುಬಿಸಿನ್ ಪಾಸಿಟಿವ್. ಎರಡೂ ಅಂಟಿಕೊಳ್ತವೆ. ಜೀವಕೋಶದೊಳಗಿನ ಲೈಸೊಸೋಮ್‌ನಲ್ಲಿ ಪಿಎಚ್ 5ರ ಆಸುಪಾಸು. ಅಲ್ಲಿ ಕೋಟಿಂಗ್‌ಗೆ ಹೈಡ್ರೋಜನ್ ಅಯಾನು ಸೇರಿ ಚಾರ್ಜ್ ಕಡಿಮೆಯಾಗ್ತದೆ, ಹಿಡಿತ ಸಡಿಲಾಗಿ ಔಷಧಿ ಹೊರಗೆ ಬರ್ತದೆ.

ಲೆಕ್ಕ ಸುಲಭ. 10 ಮಿಲಿಗ್ರಾಂ ಕಣಕ್ಕೆ 2 ಮಿಲಿಗ್ರಾಂ ಔಷಧಿ ಹಾಕಿದ್ವಿ ಅಂತಿಟ್ಕೊಳ್ಳಿ. ಆಯಸ್ಕಾಂತದಿಂದ ಕಣಗಳನ್ನು ಬೇರ್ಪಡಿಸಿ, ಮೇಲಿನ ತಿಳಿಯನ್ನು ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ 480 ನ್ಯಾನೋಮೀಟರ್ ಹತ್ತಿರ ಅಳೆದಾಗ 0.5 ಮಿಲಿಗ್ರಾಂ ಉಳಿದಿದ್ರೆ, ಕೂತದ್ದು 1.5. ಲೋಡಿಂಗ್ ದಕ್ಷತೆ ಶೇ. 75. ಒಟ್ಟು 11.5 ಮಿಲಿಗ್ರಾಂನಲ್ಲಿ ಔಷಧಿಯ ಪಾಲು ಶೇ. 13.

ಶೇ. 75 ಅಂದ ಕೂಡಲೇ ಖುಷಿಪಡೋ ಹಾಗಿಲ್ಲ. ಡಾಕ್ಸೊರುಬಿಸಿನ್ ಹೃದಯಕ್ಕೂ ಹಾನಿ ಮಾಡಬಲ್ಲ ಔಷಧಿ. ಔರಾದ್‌ನಿಂದ ಹೈದರಾಬಾದ್‌ಗೋ ಕಲಬುರಗಿಗೋ ಕೀಮೋಥೆರಪಿಗೆ ಹೋಗುವವರ ಮೈಯಲ್ಲಿ ಅದು ಗಡ್ಡೆಗಷ್ಟೇ ಹೋಗಲ್ಲ, ಎಲ್ಲ ಕಡೆ ಹರಡ್ತದೆ. ಕೋಟಿಂಗ್ ದಾರಿಯಲ್ಲೇ ಔಷಧಿ ಬಿಟ್ಟುಬಿಟ್ರೆ ಇಷ್ಟೆಲ್ಲ ಮಾಡಿ ಏನು ಬಂತು?

ಕೋಟಿಂಗ್ ಇರುವ ಐರನ್ ಆಕ್ಸೈಡ್ ದೇಹಕ್ಕೆ ಹೋಗಿರೋದು ಹೊಸತೇನಲ್ಲ. ಫೆರುಮಾಕ್ಸಿಟಾಲ್‌ಗೆ 2009ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು, ಕಿಡ್ನಿ ರೋಗಿಗಳ ರಕ್ತಹೀನತೆಗೆ. ಆದ್ರೆ ಅಲ್ಲಿ ಕಬ್ಬಿಣವೇ ಔಷಧಿ. ಬೇರೆ ಔಷಧಿ ಹೊರಿಸೋದು ಇನ್ನೂ ಕಷ್ಟದ ಕೆಲಸ. ಹಾಗಾಗಿ ಮಿನಿ ಪ್ರಾಜೆಕ್ಟ್‌ಗೆ ಈ ವಿಷಯ ತಗೊಳ್ಳುವವರು ಎಷ್ಟು ಕೂತಿತು ಅಂತ ಒಂದೇ ಗ್ರಾಫ್ ಹಾಕಿ ನಿಲ್ಲಿಸಬೇಡಿ. 7.4ರಲ್ಲಿ ಎಷ್ಟು ಬಿಟ್ಟಿತು, 5ರಲ್ಲಿ ಎಷ್ಟು ಬಿಟ್ಟಿತು ಅನ್ನೋ ಎರಡು ಗೆರೆಗಳನ್ನೂ ಎಳೆಯಿರಿ. ಆ ಎರಡರ ನಡುವಿನ ಅಂತರವೇ ನಿಮ್ಮ ಕೋಟಿಂಗ್‌ನ ನಿಜವಾದ ಮಾರ್ಕ್ಸ್.